ತಾಳಮದ್ದಳೆಯ ಅರ್ಥಗಾರಿಕೆ: ಆಶುಪ್ರತಿಭೆ ಮತ್ತು ಸಹಸೃಷ್ಟಿ

ತಾಳಮದ್ದಳೆ ಕರಾವಳಿ, ಮಲೆನಾಡು ಮತ್ತು ಕಾಸರಗೋಡು ಪ್ರದೇಶಗಳಲ್ಲಿ ಬೆಳೆದುಬಂದ ಯಕ್ಷಗಾನದ ಒಂದು ಪ್ರಕಾರ. ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ, ಎಂದರೆ ಪದ್ಯರೂಪದ ಕಥೆಯ, ಪದ್ಯ ಹಾಡುತ್ತಾರೆ. ಕುಳಿತಲ್ಲಿಂದಲೇ ಅರ್ಥಧಾರಿಗಳು ಪಾತ್ರವಾಗಿ ಮಾತನಾಡುತ್ತಾರೆ; ಇದೇ ಅರ್ಥಗಾರಿಕೆ. ಬಯಲಾಟದ ಮೇಳಗಳು ತಿರುಗಾಟ ನಿಲ್ಲಿಸುವ ಮಳೆಗಾಲದಲ್ಲಿ ತಾಳಮದ್ದಳೆಯ ಕೂಟಗಳು ಹೆಚ್ಚಾಗಿ ನಡೆಯುತ್ತಿದ್ದವು. ಹಾಡುವ ಪದ್ಯ ಲಿಖಿತವಾದುದು, ಆಡುವ ಮಾತು ಆಶುವಾದುದು. ಹೀಗಾಗಿ ವ್ಯಕ್ತಿಯ ಸ್ವತಂತ್ರ ಅಭಿವ್ಯಕ್ತಿಯೂ ಭಿನ್ನ ಪ್ರತಿಭೆಗಳ ಸಹಕಾರವೂ ಇಲ್ಲಿ ಒಂದನ್ನೊಂದು ಹೇಗೆ ರೂಪಿಸುತ್ತವೆ ಎಂಬುದನ್ನು ಸ್ಪಷ್ಟವಾಗಿ ಗುರುತಿಸಬಹುದು.

ಈ ಸಹಸೃಷ್ಟಿಯಲ್ಲಿ ಮೊದಲ ಪಾಲು ಪ್ರಸಂಗಕವಿಯದು. ಕಥೆಯ ಆದಿ, ಅಂತ್ಯ ಮತ್ತು ಘಟನೆಗಳ ಕ್ರಮವನ್ನು ಆತ ಮೊದಲೇ ನಿಶ್ಚಯಿಸಿರುತ್ತಾನೆ. ಅವನ ಪದ್ಯ ಸಂಕ್ಷಿಪ್ತ. ನಾಲ್ಕಾರು ಸಾಲುಗಳಲ್ಲಿ ಸಂದರ್ಭವನ್ನು ಸೂಚಿಸಿ ಮುಂದೆ ಸಾಗುತ್ತದೆ. ಪಾತ್ರದ ಮನೋಧರ್ಮ, ಧರ್ಮಾಧರ್ಮಗಳ ಜಿಜ್ಞಾಸೆ, ಪೂರ್ವಕಥೆಯ ಸ್ಮರಣೆ ಇವೆಲ್ಲ ಅರ್ಥಧಾರಿಯ ವಿಸ್ತರಣೆಗೆ ಉಳಿಯುತ್ತವೆ. ಪಾತ್ರ ಪ್ರವೇಶದ ಪೀಠಿಕೆಯಲ್ಲಿ ಅರ್ಥಧಾರಿ ತನ್ನ ಓದು ಮತ್ತು ಲೋಕಾನುಭವದ ಬಲದಿಂದ ಪಾತ್ರವನ್ನು ಹೊಸದಾಗಿ ಕಟ್ಟುತ್ತಾನೆ.

ಎರಡನೆಯ ಪಾಲು ಹಾಡು ಮತ್ತು ವಾದ್ಯಗಳ ಹಿಮ್ಮೇಳದ್ದು. ಭಾಗವತರು ಹಾಡುಗಾರರಷ್ಟೇ ಆಗಿರದೆ ಕೂಟದ ಸೂತ್ರಧಾರರೂ ಆಗಿರುತ್ತಾರೆ. ಯಾವ ಪದ್ಯಗಳನ್ನು ಉಳಿಸಿಕೊಳ್ಳಬೇಕು, ಯಾವ ರಾಗದಲ್ಲಿ ಎತ್ತಬೇಕು, ಎಷ್ಟು ಹೊತ್ತಿಗೆ ಕಥೆ ಮುಗಿಯಬೇಕು ಎಂಬ ತೀರ್ಮಾನ ಅವರದು. ಮದ್ದಳೆ ಮತ್ತು ಚೆಂಡೆಗಳ ನುಡಿತ ಆ ರಾಗಭಾವಕ್ಕೆ ಇಂಬು ಕೊಡುತ್ತದೆ. ಕರುಣೆಯ ಪದ್ಯವನ್ನು ನಿಧಾನಗತಿಯಲ್ಲಿ ಹಾಡಿದಾಗ ಅದರ ಬೆನ್ನಿಗೇ ಬರುವ ಮಾತೂ ಅದೇ ಭಾವದಿಂದ ಹೊರಡಬೇಕಾಗುತ್ತದೆ. ವಾದ ಬೆಳೆದು ದಾರಿ ತಪ್ಪುವಂತಿದ್ದರೆ ಭಾಗವತರು ಮುಂದಿನ ಪದ್ಯ ಎತ್ತಿ ಕಥೆಯನ್ನು ಮುನ್ನಡೆಸುತ್ತಾರೆ. ಏನು ಹೇಳಬೇಕೆಂಬ ಅಧಿಕಾರ ಅರ್ಥಧಾರಿಗಾದರೆ, ಎಲ್ಲಿ ನಿಲ್ಲಿಸಬೇಕೆಂಬ ಅಧಿಕಾರ ಭಾಗವತರಿಗೆ.

ಮೂರನೆಯ ಪಾಲು ಎದುರು ಅರ್ಥಧಾರಿಯದು. ತಾಳಮದ್ದಳೆಯ ವೈಶಿಷ್ಟ್ಯ ಹೆಚ್ಚಾಗಿ ಕಾಣುವುದು ಇಲ್ಲಿಯೇ. ವಾಲಿವಧೆಯ ಸಂದರ್ಭದಲ್ಲಿ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನಿಸುತ್ತಾನೆ. ವಾಲಿಯ ಪ್ರಶ್ನೆ ದುರ್ಬಲವಾದರೆ ರಾಮನ ಸಮರ್ಥನೆಗೆ ತೂಕವಿರುವುದಿಲ್ಲ. ರಾಮನ ಉತ್ತರ ಸಪ್ಪೆಯಾದರೆ ವಾಲಿಯ ಮನಃಪರಿವರ್ತನೆ ಅಸಹಜವೆನಿಸುತ್ತದೆ. ವಾಲಿಪಾತ್ರಧಾರಿ ತರ್ಕದಲ್ಲಿ ಮೇಲುಗೈ ಸಾಧಿಸಿದರೂ ಕೊನೆಗೆ ಪ್ರಸಂಗದ ಆಶಯಕ್ಕೆ ಒಪ್ಪಿ ಮಣಿಯಲೇಬೇಕು. ಹಾಗೆ ಮಣಿಯುವುದಕ್ಕೆ ಬೇಕಾದ ಕಾರಣವನ್ನು ಎದುರಾಳಿಯ ಮಾತಿನಲ್ಲೇ ಗುರುತಿಸಿ ಬಳಸಿಕೊಳ್ಳುವುದು ಪ್ರೌಢ ಅರ್ಥಗಾರಿಕೆಯ ಲಕ್ಷಣ. ಪಾತ್ರಗಳ ನಡುವಿನ ವಿರೋಧವನ್ನು ಕಲಾವಿದರ ನಡುವಿನ ಸಹಕಾರವೇ ನಿರ್ಮಿಸುತ್ತದೆ.

ಸಹಕಾರದ ಈ ಚೌಕಟ್ಟು ವೈಯಕ್ತಿಕ ಶೈಲಿಯನ್ನು ಅಳಿಸುವುದಿಲ್ಲ. ಅರ್ಥಧಾರಿಗಳಲ್ಲಿ ಪ್ರತಿನಾಯಕ ಪಾತ್ರಗಳಿಗೆ ತರ್ಕಬದ್ಧ ಸಮರ್ಥನೆ ಒದಗಿಸಿದ ಶೇಣಿ ಗೋಪಾಲಕೃಷ್ಣ ಭಟ್ಟರು, ಸಹಜ ಸಂಭಾಷಣೆಯ ಹದ ತೋರಿದ ದೇರಾಜೆ ಸೀತಾರಾಮಯ್ಯನವರು ಒಂದೇ ಪರಂಪರೆಯೊಳಗೆ ಭಿನ್ನ ಮಾರ್ಗಗಳನ್ನು ರೂಪಿಸಿದರು. ಒಂದೇ ಪದ್ಯಕ್ಕೆ ಇಬ್ಬರು ಹೇಳುವ ಅರ್ಥ ಬೇರೆಯಾಗುವುದು ಇಲ್ಲಿ ದೋಷವಲ್ಲ. ಪ್ರೇಕ್ಷಕರು ಅದೇ ಪ್ರಸಂಗವನ್ನು ಮತ್ತೆ ಮತ್ತೆ ಕೇಳಲು ಬರುವುದು ಆ ಭಿನ್ನತೆಗಾಗಿಯೇ.

ಸಹಕಾರ ಕೆಟ್ಟಾಗ ಉಂಟಾಗುವ ದೋಷಗಳೂ ಗಮನಾರ್ಹ. ಪಾತ್ರವನ್ನು ಮರೆತು ವೈಯಕ್ತಿಕ ಜಿದ್ದಿಗೆ ಇಳಿದರೆ ಸಂವಾದ ವಿತಂಡವಾಗುತ್ತದೆ. ಪೀಠಿಕೆ ಮಿತಿಮೀರಿದರೆ ಇತರ ಪಾತ್ರಗಳಿಗೆ ಸಮಯ ಉಳಿಯುವುದಿಲ್ಲ. ಈ ಅಪಾಯಗಳಿದ್ದರೂ ಬೇರೆ ಬೇರೆ ಊರುಗಳ ಕಲಾವಿದರು ಪೂರ್ವಾಭ್ಯಾಸವಿಲ್ಲದೆ ಒಂದೇ ಕೂಟದಲ್ಲಿ ಭಾಗವಹಿಸಲು ಸಾಧ್ಯವಾಗುವುದು ಪ್ರಸಂಗದ ಪಠ್ಯ, ಪುರಾಣಜ್ಞಾನ ಮತ್ತು ರಂಗಕ್ರಮ ಎಲ್ಲರಿಗೂ ಸಮಾನವಾಗಿ ತಿಳಿದಿರುವುದರಿಂದ. ಆಶುಪ್ರತಿಭೆಗೆ ಸ್ವಾತಂತ್ರ್ಯ ದೊರೆಯುವುದು ಈ ಸಮಾನ ತಿಳಿವಳಿಕೆಯ ಆಧಾರದ ಮೇಲೆ. ಆ ಸ್ವಾತಂತ್ರ್ಯ ಕಲೆಯಾಗಿ ಫಲಿಸುವುದು ಅರ್ಥಧಾರಿ ಭಾಗವತರ ಕಾಲಪ್ರಜ್ಞೆಗೂ ಎದುರು ಅರ್ಥಧಾರಿಯ ಮಾತಿಗೂ ಕಿವಿಗೊಟ್ಟಾಗ.