‘ಹೊಟ್ಯಾಗ ಹುಳ ಆಗ್ತಾವ’: ಚಿಕ್ಕ ಮಕ್ಕಳಿಗೆ ರೋಗಾಣುಗಳ ಬಗ್ಗೆ ಹೇಳುವುದು ಹೇಗೆ?

“ಕೈ ತೊಳಕೋ, ಇಲ್ಲಾಂದ್ರ ಹೊಟ್ಯಾಗ ಹುಳ ಆಗ್ತಾವ.” ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ರೋಗಾಣುಗಳ ಬಗ್ಗೆ ಮಗುವಿಗೆ ಸಿಗುವ ಮೊದಲ ಪಾಠ ಹೆಚ್ಚಾಗಿ ಇದೇ. ದೊಡವಾಡದಂಥ ಊರಿನಲ್ಲಿ ಎರೆಮಣ್ಣಿನಲ್ಲಿ ಆಡಿ ಬಂದ ಮೂರು ವರ್ಷದ ಮಗುವಿಗೆ ಅವ್ವ, ಅಜ್ಜಿ ಅಥವಾ ಅಂಗನವಾಡಿ ಟೀಚರ್ ಈ ಮಾತು ಹೇಳುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಮಗು ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡರೆ ಅಲ್ಲಿ ಯಾವ ಹುಳವೂ ಕಾಣುವುದಿಲ್ಲ. ಹಾಗಾದರೆ ತೊಳೆಯುವುದೇಕೆ?

ಮಕ್ಕಳಿಗೆ ರೋಗಾಣುಗಳನ್ನು ಪರಿಚಯಿಸುವ ದಾರಿ ಯಾವುದು, ಈ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಓಡಾಡುವ ಮಾತುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂಬುದನ್ನು ನಾವು ಇಲ್ಲಿ ನೋಡೋಣ.

‘ಹುಳ’ ಎಂದರೆ ಮಗುವಿಗೆ ಏನು ಅರ್ಥವಾಗುತ್ತದೆ?

ಆಡುಮಾತಿನಲ್ಲಿ ನಾವು ‘ಹುಳ’ ಎಂಬ ಒಂದೇ ಪದವನ್ನು ಮೂರು ಬೇರೆ ಬೇರೆ ಜೀವಿಗಳಿಗೆ ಬಳಸುತ್ತೇವೆ. ಜೋಳದ ಕಾಳಿನಲ್ಲಿ ಕಾಣುವ ಹುಳ ಒಂದು. ಹೊಟ್ಟೆಯಲ್ಲಿ ಇರುವ ಜಂತುಹುಳ ಇನ್ನೊಂದು. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ, ವೈರಸ್‌ಗಳು ಮೂರನೆಯದು. ದೊಡ್ಡವರಿಗೆ ಸಂದರ್ಭ ನೋಡಿ ಅರ್ಥವಾಗುತ್ತದೆ. ಮಗುವಿಗೆ ಗೊತ್ತಿರುವುದು ಕಾಣುವ ಹುಳ ಮಾತ್ರ. ಹಾಗಾಗಿ ‘ಹುಳ ಕಾಣಲಿಲ್ಲ ಎಂದರೆ ಕೈ ಸ್ವಚ್ಛ, ನೀರು ಸ್ವಚ್ಛ’ ಎಂದು ಅದು ತೀರ್ಮಾನಿಸುತ್ತದೆ.

ದೊಡ್ಡವರೂ ಈ ಪದಕ್ಕೆ ಮೋಸ ಹೋಗುತ್ತಾರೆ. ಹಲ್ಲು ಹುಳುಕಾದರೆ ಒಳಗೆ ಹುಳ ಇದೆ ಎಂದು ನಂಬುವವರು ಈಗಲೂ ಇದ್ದಾರೆ. ಕೆಲವು ಸಸ್ಯಗಳ ಬೀಜ ಸುಟ್ಟು ಬಾಯಿಗೆ ಹೊಗೆ ಹಾಕಿ, ಬಿಳಿ ಹುಳದಂಥದ್ದನ್ನು ತೋರಿಸಿ ದುಡ್ಡು ಪಡೆಯುವವರೂ ಇದ್ದಾರೆ. ಹಾಗೆ ತೋರಿಸುವುದು ಸಾಮಾನ್ಯವಾಗಿ ಬೀಜದೊಳಗಿನ ಸುರುಳಿ ಸುತ್ತಿದ ಮೊಳಕೆ. ಹಲ್ಲು ಕೆಡಲು ಕಾರಣ ಹುಳವಲ್ಲ. ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ತಿಂದು ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲಿನ ಮೇಲ್ಪದರವನ್ನು ಕರಗಿಸುತ್ತದೆ.

ಗಾತ್ರದ ಬಗ್ಗೆ ಮಗುವಿಗೆ ಹೀಗೆ ಹೇಳಬಹುದು: ಒಂದು ಸಾಸಿವೆ ಕಾಳಿನ ಈ ತುದಿಯಿಂದ ಆ ತುದಿಗೆ ಬ್ಯಾಕ್ಟೀರಿಯಾಗಳನ್ನು ಸಾಲಾಗಿ ನಿಲ್ಲಿಸಿದರೆ ಸಾವಿರಕ್ಕೂ ಹೆಚ್ಚು ನಿಲ್ಲುತ್ತವೆ. ಹೆಸರು ಬೇಕಿದ್ದರೆ ‘ರೋಗಾಣು’ ಎಂದೇ ಹೇಳಿ. ‘ಟ್ರ್ಯಾಕ್ಟರ್’, ‘ಮೊಬೈಲ್’ ಎನ್ನಲು ಬರುವ ಮಗುವಿಗೆ ‘ರೋಗಾಣು’ ಕಷ್ಟದ ಪದವೇನಲ್ಲ.

ನಿಯಮ ಹೇಳಿದರೆ ಸಾಲದೇ? ಕಾರಣವನ್ನೂ ಹೇಳಬೇಕೇ?

‘ಚಿಕ್ಕ ಮಕ್ಕಳಿಗೆ ವಿಜ್ಞಾನ ಅರ್ಥವಾಗದು, ಹೆದರಿಸಿದರೆ ಸಾಕು’ ಎಂಬ ಅಭಿಪ್ರಾಯ ಇದೆ. ಇದು ಪೂರ್ತಿ ಸರಿಯಲ್ಲ. ನೀರಿನಲ್ಲಿ ಜಿರಳೆ ಬಿದ್ದು, ಅದನ್ನು ತೆಗೆದ ಮೇಲೂ ಆ ನೀರು ಕುಡಿಯಬಾರದು ಎಂಬುದು ಮೂರು-ನಾಲ್ಕು ವರ್ಷದ ಎಷ್ಟೋ ಮಕ್ಕಳಿಗೆ ಹೊಳೆಯುತ್ತದೆ ಎಂದು ಮನೋವಿಜ್ಞಾನಿಗಳು ತೋರಿಸಿದ್ದಾರೆ. ಕಾಣದ ವಸ್ತುವೊಂದು ನೀರಿನಲ್ಲಿ ಉಳಿದಿರಬಹುದು ಎಂಬ ಊಹೆ ಅವರಿಗೆ ಸಾಧ್ಯ.

ಹಾಂಗ್‌ಕಾಂಗ್‌ನ ಪ್ರಾಥಮಿಕ ಶಾಲಾ ಮಕ್ಕಳ ಮೇಲೆ ಟೆರ್ರಿ ಆವು ಮತ್ತು ಸಂಗಡಿಗರು ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಪಯುಕ್ತ. ‘ಇದು ಮಾಡು, ಅದು ಮಾಡಬೇಡ’ ಎಂಬ ಪಟ್ಟಿ ಕಲಿತ ಮಕ್ಕಳಿಗಿಂತ, ರೋಗಾಣುಗಳು ಜೀವಿಗಳು, ಅವು ಬೆಳೆಯುತ್ತವೆ, ಸಾಯುತ್ತವೆ, ಒಂದು ದಾರಿ ಹಿಡಿದು ದೇಹ ಸೇರುತ್ತವೆ ಎಂದು ಕಲಿತ ಮಕ್ಕಳು ಪಾಠದಲ್ಲಿ ಹೇಳದ ಹೊಸ ಸಂದರ್ಭಗಳಲ್ಲೂ ಹೆಚ್ಚು ಸರಿಯಾಗಿ ಯೋಚಿಸಿದರು. ಇದು ಸಹಜವೇ. ಪಟ್ಟಿಯಲ್ಲಿ ಎಷ್ಟು ಸಂದರ್ಭ ಸೇರಿಸಿದರೂ ಮಗು ಅದರಲ್ಲಿ ಇಲ್ಲದ ಒಂದನ್ನು ಹುಡುಕಿಕೊಳ್ಳುತ್ತದೆ!

ಅಡುಗೆಮನೆಯ ಪ್ರಯೋಗಾಲಯ: ಹೆಪ್ಪು

ರೋಗಾಣು ಒಂದು ಜೀವಿ ಎಂದು ತೋರಿಸಲು ಸೂಕ್ಷ್ಮದರ್ಶಕ ಬೇಕಿಲ್ಲ. ಮನೆಯಲ್ಲಿ ದಿನವೂ ಹಾಕುವ ಹೆಪ್ಪು ಸಾಕು. ಮೊಸರು ಮಾಡುವುದು ಕೂಡ ಸೂಕ್ಷ್ಮಜೀವಿಗಳೇ. ಅವು ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ, ಅದರಿಂದ ಹಾಲು ಗಟ್ಟಿಯಾಗುತ್ತದೆ.

ಕಾಯಿಸಿ ಉಗುರುಬೆಚ್ಚಗೆ ಆರಿಸಿದ ಹಾಲನ್ನು ಸಂಜೆ ಎರಡು ಬಟ್ಟಲಿಗೆ ಹಾಕಿ. ಒಂದಕ್ಕೆ ಅರ್ಧ ಚಮಚ ಹೆಪ್ಪು ಹಾಕಿ, ಇನ್ನೊಂದಕ್ಕೆ ಏನೂ ಬೇಡ. ಎರಡನ್ನೂ ಮುಚ್ಚಿಡಿ. ಮೂರನೆಯ ಬಟ್ಟಲಿನಲ್ಲಿ ಆಗಷ್ಟೇ ಇಳಿಸಿದ ಸುಡುಸುಡು ಹಾಲಿಗೆ ಹೆಪ್ಪು ಹಾಕಿ. ಇದನ್ನು ದೊಡ್ಡವರೇ ಮಾಡಬೇಕು. ಹೆಪ್ಪು ಹಾಕಿದ ಕೂಡಲೇ ಮಗುವಿಗೆ ತೋರಿಸಿ, ‘ಏನಾದರೂ ಕಾಣ್ತದೇನು?’ ಎಂದು ಕೇಳಿ. ಏನೂ ಕಾಣದು. ಬೆಳಿಗ್ಗೆ ಮತ್ತೆ ತೋರಿಸಿ. ಮೊದಲ ಬಟ್ಟಲಲ್ಲಿ ಮೊಸರು ಗಟ್ಟಿಯಾಗಿರುತ್ತದೆ. ಸುಡು ಹಾಲಿನದು ಸ್ವಲ್ಪ ಒಡೆದಂತೆ ಕಂಡರೂ ಮೊಸರಿನಂತೆ ಗಟ್ಟಿಯಾಗಿರುವುದಿಲ್ಲ, ಏಕೆಂದರೆ ಆ ಬಿಸಿಗೆ ಹೆಪ್ಪಿನ ಜೀವಿಗಳು ಸತ್ತಿರುತ್ತವೆ. (ಉಳಿದ ಎರಡು ಬಟ್ಟಲಿನ ಹಾಲನ್ನು ಮಗುವಿಗೆ ಕುಡಿಸಬೇಡಿ.)

ಇದರಲ್ಲಿ ಬಹಳಷ್ಟು ಪಾಠ ಇದೆ. ಕಾಣದಿದ್ದರೂ ಜೀವಿ ಇತ್ತು. ಸ್ವಲ್ಪವೇ ಇದ್ದದ್ದು ರಾತ್ರಿಯಲ್ಲಿ ಬಹಳ ಆಯಿತು. ಅದಕ್ಕೆ ಆಹಾರ, ಬೆಚ್ಚಗಿನ ಜಾಗ, ಸಮಯ ಬೇಕಾಯಿತು. ಚೆನ್ನಾಗಿ ಕಾಯಿಸಿದರೆ ಅದು ಸತ್ತಿತು. ಚಳಿಗಾಲದಲ್ಲಿ ಮೊಸರಾಗಲು ತಡವಾಗುವುದೂ, ಫ್ರಿಜ್‌ನಲ್ಲಿಟ್ಟ ಪಲ್ಯ ಬೇಗ ಕೆಡದಿರುವುದೂ ಇದೇ ಕಾರಣಕ್ಕೆ. ಎರಡನೇ ತರಗತಿ ದಾಟಿದ ಮಕ್ಕಳಿಗೆ ಲೆಕ್ಕವನ್ನೂ ಹೇಳಬಹುದು: ಅನುಕೂಲ ಇದ್ದರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, 7 ಗಂಟೆಯಲ್ಲಿ 20 ಲಕ್ಷ ದಾಟುತ್ತದೆ.

ಎಲ್ಲ ಸೂಕ್ಷ್ಮಜೀವಿಗಳೂ ಕೆಟ್ಟವಲ್ಲ ಎಂಬುದು ಇದರಲ್ಲಿ ತಾನಾಗಿಯೇ ಬಂದುಬಿಡುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಮಗುವನ್ನು ‘ಮಣ್ಣು ಮುಟ್ಟಬೇಡ’ ಎಂದು ತಡೆಯಬೇಕಿಲ್ಲ. ಮಾಡಲಿ, ಆಮೇಲೆ ಉಗುರಿನ ಸಂದಿಯವರೆಗೆ ತೊಳೆಯಲಿ.

ಒಂದು ಮಿತಿಯನ್ನು ಹೇಳಲೇಬೇಕು. ವೈರಸ್‌ಗಳಿಗೆ ಹೆಪ್ಪಿನ ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಅವು ಹಾಲಿನಲ್ಲೋ ಅನ್ನದಲ್ಲೋ ಬೆಳೆಯವು, ಜೀವಕೋಶದ ಒಳಗೆ ಹೋದ ಮೇಲೆಯೇ ಹೆಚ್ಚುವುದು. ನಾಲ್ಕು ವರ್ಷದ ಮಗುವಿಗೆ ಈ ವ್ಯತ್ಯಾಸ ಬೇಡ.

ಕಾಳುಮೆಣಸಿನ ವಿಡಿಯೋ ಸರಿಯೇ?

ಕೋವಿಡ್ ಕಾಲದಲ್ಲಿ ತಟ್ಟೆಯ ನೀರಿನ ಮೇಲೆ ಮೆಣಸಿನ ಪುಡಿ ಉದುರಿಸಿ, ಸೋಪು ಹಚ್ಚಿದ ಬೆರಳು ಅದ್ದಿ, ‘ನೋಡಿ, ರೋಗಾಣು ಓಡಿಹೋದವು’ ಎನ್ನುವ ವಿಡಿಯೋಗಳು ಬಹಳ ಹರಿದಾಡಿದವು. ನೋಡಲು ಚೆಂದ. ಆದರೆ ಅಲ್ಲಿ ನಡೆಯುವುದು ಬೇರೆ: ಸೋಪು ನೀರಿನ ಮೇಲ್ಮೈ ಸೆಳೆತವನ್ನು ಕಡಿಮೆ ಮಾಡುತ್ತದೆ, ಹಾಗಾಗಿ ಪುಡಿ ಅಂಚಿಗೆ ಸರಿಯುತ್ತದೆ. ರೋಗಾಣುಗಳು ಸೋಪಿಗೆ ಹೆದರಿ ಓಡುವುದಿಲ್ಲ. ಈ ವಿಡಿಯೋ ನೋಡಿದ ಮಗು ಸೋಪನ್ನು ಒಮ್ಮೆ ಮುಟ್ಟಿದರೆ ಸಾಕು ಎಂದುಕೊಳ್ಳುತ್ತದೆ ಎಂಬುದೇ ನಮ್ಮ ತಕರಾರು.

ಅದಕ್ಕಿಂತ ಒಳ್ಳೆಯದು ಎಣ್ಣೆ-ಅರಿಶಿನ. ಒಂದು ಹನಿ ಎಣ್ಣೆಗೆ ಅರಿಶಿನ ಕಲಸಿ ಮಗುವಿನ ಎರಡೂ ಕೈಗೆ ಸವರಿ. ಮೊದಲು ಬರೀ ನೀರಿನಲ್ಲಿ ತೊಳೆಯಲಿ: ಹಳದಿ ಹಾಗೇ ಉಳಿಯುತ್ತದೆ. ಆಮೇಲೆ ಸೋಪು ಹಚ್ಚಿ 20 ಸೆಕೆಂಡು ಉಜ್ಜಲಿ. ಹೆಬ್ಬೆರಳು, ಬೆರಳ ಸಂದಿ, ಉಗುರಿನ ಬುಡದಲ್ಲಿ ಉಳಿದ ಹಳದಿಯನ್ನು ಅದೇ ಹುಡುಕಿಕೊಳ್ಳಲಿ. ಸೋಪಿನ ಕಣದ ಒಂದು ತುದಿ ನೀರನ್ನು, ಇನ್ನೊಂದು ತುದಿ ಜಿಡ್ಡನ್ನು ಹಿಡಿಯುತ್ತದೆ. ಜಿಡ್ಡಿನ ಜೊತೆ ಅಂಟಿಕೊಂಡ ರೋಗಾಣುಗಳು ನೀರಿನಲ್ಲಿ ಹರಿದು ಹೋಗುತ್ತವೆ. ಕೊರೊನಾ ವೈರಸ್‌ಗೆ ಜಿಡ್ಡಿನ ಹೊದಿಕೆ ಇರುವುದರಿಂದ ಸೋಪು ಅದನ್ನೇ ಒಡೆಯುತ್ತದೆ. ಮಕ್ಕಳಲ್ಲಿ ಭೇದಿ ತರುವ ರೋಟಾವೈರಸ್‌ಗೆ ಆ ಹೊದಿಕೆ ಇಲ್ಲ, ಅದನ್ನು ಉಜ್ಜಿ ತೊಳೆದೇ ಕಳಿಸಬೇಕು. ಜಂತುಹುಳದ ಮೊಟ್ಟೆಗಳಿಗೂ ಇದೇ ಮಾತು. ಮಣ್ಣಾದ ಕೈಗೆ ಸ್ಯಾನಿಟೈಸರ್ ಹಾಕಿ ಪ್ರಯೋಜನವಿಲ್ಲ.

ದುಬಾರಿ ‘ಆ್ಯಂಟಿ-ಬ್ಯಾಕ್ಟೀರಿಯಲ್’ ಸೋಪು ಬೇಕೇ? ಬೇಡ. ಕರಾಚಿಯ ಬಡ ಬಡಾವಣೆಗಳಲ್ಲಿ ನಡೆದು 2005ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಸೋಪು ಕೊಟ್ಟು ಕೈ ತೊಳೆಯಲು ಪ್ರೋತ್ಸಾಹಿಸಿದ ಮನೆಗಳಲ್ಲಿ 5 ವರ್ಷದೊಳಗಿನ ಮಕ್ಕಳ ನ್ಯುಮೋನಿಯಾ ಅರ್ಧಕ್ಕೆ ಇಳಿಯಿತು. ಮಕ್ಕಳ ಭೇದಿಯೂ ಸುಮಾರು ಅರ್ಧದಷ್ಟು ಕಡಿಮೆಯಾಯಿತು. ಸಾದಾ ಸೋಪಿಗೂ ಆ್ಯಂಟಿ-ಬ್ಯಾಕ್ಟೀರಿಯಲ್ ಸೋಪಿಗೂ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಆಗುವುದು ಸೋಪು ಎಲ್ಲಿದೆ ಎಂಬುದರಿಂದ. ದೊಡ್ಡವರ ಎತ್ತರದ ಗೂಡಿನಲ್ಲಿ ಇಟ್ಟ ಸೋಪು ಮಗುವಿಗೆ ಇಲ್ಲದ್ದಕ್ಕೆ ಸಮ. ಬಲೆಯ ಚೀಲದಲ್ಲಿ ಹಾಕಿ ನಲ್ಲಿಗೆ, ಮಗುವಿನ ಕೈಗೆಟಕುವಂತೆ ಕಟ್ಟಿದರೆ ಕಳೆಯುವುದೂ ಇಲ್ಲ. ನೀರಿನ ತೊಂದರೆ ಇರುವ ಕಡೆ, ಒಂದು ಡಬ್ಬಿಗೆ ತೂತು ಹಾಕಿ, ಹಗ್ಗ ಕಟ್ಟಿ, ಕಾಲಿನಿಂದ ತುಳಿದರೆ ಬಾಗಿ ನೀರು ಸುರಿಯುವಂತೆ ಮಾಡಬಹುದು. ಶಾಲೆಯ ಬಿಸಿಯೂಟಕ್ಕೆ ಮುಂಚೆ ಮಕ್ಕಳು ಇದನ್ನು ತುಳಿಯಲು ತಾವೇ ಸಾಲು ನಿಲ್ಲುತ್ತಾರೆ.

ಇನ್ನೊಂದು ತಪ್ಪು ಕಲ್ಪನೆ: ‘ಕೂಸಿನ ಮಲದಲ್ಲಿ ದೋಷ ಇಲ್ಲ.’ ಇದು ಸುಳ್ಳು. ಅದರಲ್ಲೂ ರೋಗಾಣುಗಳು ಇರುತ್ತವೆ. ಕೂಸನ್ನು ತೊಳೆಸಿದ ಕೈಗೆ ಸೋಪು ಬೇಕೇ ಬೇಕು.

ಬೆಲ್ಲ ತಿಂದರೆ ಹೊಟ್ಟೆಯಲ್ಲಿ ಹುಳ ಆಗುತ್ತವೆಯೇ?

ಇಲ್ಲ. ಕಬ್ಬು, ಬೆಲ್ಲದ ಸೀಮೆಯಲ್ಲಿ ಪ್ರತಿ ಮಗುವೂ ಈ ಮಾತು ಕೇಳಿಯೇ ಬೆಳೆಯುತ್ತದೆ. ದುಂಡುಹುಳದ ಒಂದು ಹೆಣ್ಣು ದಿನಕ್ಕೆ 2 ಲಕ್ಷದವರೆಗೆ ಮೊಟ್ಟೆ ಇಡುತ್ತದೆ. ಬಯಲಿನಲ್ಲಿ ಶೌಚ ಮಾಡಿದರೆ ಅವು ಮಣ್ಣು ಸೇರುತ್ತವೆ, ಕೆಲವು ವಾರ ಅಲ್ಲೇ ಬಲಿತು, ತೊಳೆಯದ ಕೈ ಅಥವಾ ತರಕಾರಿಯ ಮೂಲಕ ಬಾಯಿ ಸೇರುತ್ತವೆ. ಕೊಕ್ಕೆಹುಳದ ಮರಿ ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ. ಬೆಲ್ಲದ ಚೂರು ಹಿಡಿದ ಕೈ ಮಣ್ಣಿನಲ್ಲಿ ಆಡಿದ ಕೈಯೇ ಆಗಿದ್ದರಿಂದ ಈ ನಂಬಿಕೆ ಹುಟ್ಟಿರಬಹುದು ಎನಿಸುತ್ತದೆ. ಬೆಲ್ಲ ಮಿತವಾಗಿರಲಿ, ಆದರೆ ಅದು ಹಲ್ಲಿನ ಕಾರಣಕ್ಕೆ.

ಅಂಗನವಾಡಿ, ಶಾಲೆಗಳಲ್ಲಿ ಫೆಬ್ರವರಿ 10 ಮತ್ತು ಆಗಸ್ಟ್ 10ರ ರಾಷ್ಟ್ರೀಯ ಜಂತುಹುಳ ನಿವಾರಣಾ ದಿನಗಳಂದು 1ರಿಂದ 19 ವರ್ಷದವರಿಗೆ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ತಪ್ಪಿಸಬೇಡಿ. 2 ವರ್ಷದೊಳಗಿನವರಿಗೆ ಅರ್ಧ ಮಾತ್ರೆ, ಪುಡಿ ಮಾಡಿ ಕೊಡುತ್ತಾರೆ. ಮಾತ್ರೆ ಇದ್ದ ಹುಳವನ್ನು ಕೊಲ್ಲುತ್ತದೆ, ನಾಳೆ ಬರುವುದನ್ನು ತಡೆಯುವುದಿಲ್ಲ.

ತಿಳಿ ನೀರು ಎಂದರೆ ಶುದ್ಧ ನೀರೇ?

2022ರ ಅಕ್ಟೋಬರ್‌ನಲ್ಲಿ ರಾಮದುರ್ಗ ತಾಲ್ಲೂಕಿನ ಮುದೇನೂರಿನಲ್ಲಿ ಕಲುಷಿತ ನೀರು ಕುಡಿದು ಹತ್ತಾರು ಜನ ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದರು, ಸಾವೂ ಸಂಭವಿಸಿತು. ಕುಡಿಯುವ ನೀರಿನ ಪೈಪಿಗೆ ಚರಂಡಿ ಸೇರದಂತೆ ನೋಡಿಕೊಳ್ಳುವುದು ಪಂಚಾಯಿತಿ, ಸರ್ಕಾರದ ಕೆಲಸ. ಐದು ವರ್ಷದ ಮಗುವಿಗೆ ಎಷ್ಟು ಪಾಠ ಹೇಳಿದರೂ ಒಡೆದ ಪೈಪು ಸರಿಯಾಗುವುದಿಲ್ಲ. ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ಮಳೆಗಾಲದಲ್ಲಿ, ಅನುಮಾನ ಬಂದಾಗ ನೀರನ್ನು ಕುದಿಸುವುದು; ಕೊಡಕ್ಕೆ ಮುಚ್ಚಳ; ಕೈ ಅದ್ದದಂತೆ ಉದ್ದ ಹಿಡಿಕೆಯ ಸೌಟು. ‘ತಂಬಿಗೆ ಅದ್ದಬೇಡ’ ಎಂದು ಬೈಯುವ ಬದಲು ಹೆಪ್ಪಿನ ಬಟ್ಟಲನ್ನು ನೆನಪಿಸಿ. ಹೆಪ್ಪು ಹಾಕಿದ ಕ್ಷಣದಲ್ಲಿ ಹಾಲೂ ಹಾಲಿನಂತೆಯೇ ಕಂಡಿತ್ತಲ್ಲ?

ಹೆದರಿಕೆ, ಸೂಜಿ ಮತ್ತು ಮೈಲಿಗೆ

ಜ್ವರ ಬಂದ ಮಗುವಿಗೆ ‘ಮಾತು ಕೇಳಲಿಲ್ಲ, ಅದಕ್ಕೇ ಬಂತು’ ಎನ್ನುವುದು ಸುಲಭ. ಕಾಯಿಲೆ ಎಂದರೆ ತಪ್ಪಿಗೆ ಸಿಕ್ಕ ಶಿಕ್ಷೆ ಎಂದು ಚಿಕ್ಕ ಮಕ್ಕಳು ಮೊದಲೇ ನಂಬುವ ಸಾಧ್ಯತೆ ಹೆಚ್ಚು, ನಮ್ಮ ಮಾತು ಅದನ್ನು ಗಟ್ಟಿ ಮಾಡುತ್ತದೆ. ಅಂಥ ಮಗು ಹೊಟ್ಟೆನೋವನ್ನು ಮುಚ್ಚಿಡಬಹುದು. ‘ಊಟ ಮಾಡದಿದ್ದರ ಡಾಕ್ಟರ್ ಕಡೆ ಸೂಜಿ ಚುಚ್ಚಿಸ್ತೀನಿ’ ಎಂಬ ಬೆದರಿಕೆಯೂ ಅಷ್ಟೇ ಕೆಟ್ಟದ್ದು. ಲಸಿಕೆಯ ದಿನ ಅದೇ ಮಗುವನ್ನು ಹಿಡಿದು ಕೂರಿಸಬೇಕಾದವರು ನೀವೇ. ಸೂಜಿ ಸ್ವಲ್ಪ ನೋಯುತ್ತದೆ ಎಂದು ನಿಜವನ್ನೇ ಹೇಳಿ. ರೋಗಾಣು ಬಂದರೆ ಗುರುತು ಹಿಡಿಯಲು ಅದು ದೇಹಕ್ಕೆ ಕಲಿಸುತ್ತದೆ ಎಂದೂ ಹೇಳಿ.

ಇನ್ನೊಂದು ವಿಷಯವನ್ನು ಪಠ್ಯಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ನಮ್ಮಲ್ಲಿ ಮಡಿ-ಮೈಲಿಗೆಯ ಭಾಷೆ ಮೊದಲೇ ಇದೆ. ‘ಅವರನ್ನು ಮುಟ್ಟಬೇಡ’ ಎಂಬ ಮಾತಿಗೆ ರೋಗಾಣು ಎಂಬ ಹೊಸ ನೆಪ ಸಿಗಬಾರದು. ರೋಗಾಣುವಿಗೆ ಜಾತಿ, ಓಣಿ ಗೊತ್ತಿಲ್ಲ. ಅದು ನೋಡುವುದು ತೊಳೆಯದ ಕೈ, ತೆರೆದಿಟ್ಟ ನೀರು, ಮುಚ್ಚದ ಕೆಮ್ಮು ಇಷ್ಟನ್ನೇ. ಆದ್ದರಿಂದ ಪಾಠದಲ್ಲಿ ಎಂದೂ ‘ಕೊಳಕು ಮಕ್ಕಳು’ ಎನ್ನಬೇಡಿ, ‘ತೊಳೆಯದ ಕೈ’ ಎನ್ನಿ. ನೆಗಡಿಯಾದ ಗೆಳೆಯನಿಂದ ಸ್ವಲ್ಪ ದೂರ ಕೂರುವುದು ಎರಡು-ಮೂರು ದಿನದ ಮಾತು, ಅವನು ಗೆಳೆಯನೇ.

ಭೇದಿ ಶುರುವಾದರೆ ಏನು ಮಾಡಬೇಕು?

‘ಹಲ್ಲು ಬರ್ತಾವ, ಅದಕ್ಕೇ’ ಎಂದೋ ‘ದೃಷ್ಟಿ ಆಗೇದ’ ಎಂದೋ ಕಾಯುತ್ತಾ ಕೂರುವುದು ಅಪಾಯ. ಹಲ್ಲು ಬರುವುದರಿಂದ ಭೇದಿ ಆಗುವುದಿಲ್ಲ. ಆ ವಯಸ್ಸಿನಲ್ಲಿ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ, ಅದರಿಂದ ಆಗುತ್ತದೆ. ದೃಷ್ಟಿ ತೆಗೆದರೆ ತೆಗೆಯಿರಿ, ಆದರೆ ಅದಕ್ಕೂ ಮುಂಚೆ ಓಆರ್‌ಎಸ್ ಕಲಸಿ: ದೊಡ್ಡ ಪೊಟ್ಟಣವಾದರೆ ಪೂರ್ತಿ 1 ಲೀಟರ್ ಕುದಿಸಿ ಆರಿಸಿದ ನೀರಿಗೆ, ಒಂದೇ ಸಲಕ್ಕೆ. ಸಣ್ಣ ಪೊಟ್ಟಣಗಳೂ ಇವೆ, ಅದರ ಮೇಲೆ ಬರೆದ ಅಳತೆ ನೋಡಿ. ಚಮಚದಿಂದ ಸ್ವಲ್ಪ ಸ್ವಲ್ಪವೇ ಕುಡಿಸಿ, ಎದೆಹಾಲು ಮತ್ತು ಊಟ ನಿಲ್ಲಿಸಬೇಡಿ. ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಕೇಂದ್ರದಲ್ಲಿ ಸಿಗುವ ಜಿಂಕ್ ಮಾತ್ರೆಯನ್ನು, ಭೇದಿ ನಿಂತ ಮೇಲೂ, 14 ದಿನ ಪೂರ್ತಿ ಕೊಡಿ. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ, ಮಗು ಕುಡಿಯಲಾರದೆ ಮಂಕಾದರೆ ಬೆಳಗಾಗಲಿ ಎನ್ನದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ, ದಾರಿಯಲ್ಲೂ ಓಆರ್‌ಎಸ್ ಕುಡಿಸುತ್ತಿರಿ.