ಷಡ್ರಸದಲ್ಲಿ ಅಡಗಿದ ದ್ವಿಪದ ಪ್ರಮೇಯ

ಸಿ.ಇ.ಟಿ. ಗಣಿತ ಪತ್ರಿಕೆಯಲ್ಲಿ 60 ಪ್ರಶ್ನೆ, ಉತ್ತರಿಸಲು 80 ನಿಮಿಷ. ಎಂದರೆ ಪ್ರಶ್ನೆಯೊಂದಕ್ಕೆ 80 ಸೆಕೆಂಡು. 'ಎ' ಮತ್ತು 'ಬಿ'ಗಳ ಮೊತ್ತದ ಆರನೇ ಘಾತವನ್ನು ವಿಸ್ತರಿಸಿದಾಗ ನಡುವಿನ ಪದದ ಸಹಗುಣಕ ಎಷ್ಟು ಎಂದು ಕೇಳಿದರೆ ಗುಣಿಸುತ್ತಾ ಕೂರಲು ವೇಳೆಯೆಲ್ಲಿ? ಹೀಗಾಗಿಯೇ ಟ್ಯೂಷನ್ನುಗಳಲ್ಲಿ ದ್ವಿಪದ ಪ್ರಮೇಯವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸುತ್ತಾರೆ. ಪಿ.ಯು.ಸಿ.ಯಲ್ಲಿ ನಾನೂ ಹಾಗೆ ಉರು ಹೊಡೆದವನೇ. ಉತ್ತರ 20 ಎಂಬುದು ಗೊತ್ತಿತ್ತು. 20 ಏಕೆ ಎಂಬುದು ಗೊತ್ತಿರಲಿಲ್ಲ.

ಆ 'ಏಕೆ'ಯನ್ನು ಹುಡುಕಹೊರಟರೆ ಕಲಬುರಗಿ ಜಿಲ್ಲೆಯ ಮಳಖೇಡದವರೆಗೆ ಹೋಗಬೇಕಾಗುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇದೇ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ರಚಿಸಿದ. ಅದರಲ್ಲೊಂದು ಲೆಕ್ಕವಿದೆ: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಈ ಆರು ರಸಗಳಿಂದ ಎಷ್ಟು ಬಗೆಯ ರುಚಿ ಸಾಧ್ಯ?

ಒಂದೊಂದೇ ರಸವಾದರೆ 6 ಬಗೆ. ಎರಡೆರಡು ಬೆರೆಸಿದರೆ 15, ಮೂರು ಮೂರು ಬೆರೆಸಿದರೆ 20, ನಾಲ್ಕಾದರೆ 15, ಐದಾದರೆ 6, ಆರೂ ಸೇರಿದರೆ 1. ಒಟ್ಟು 63. ಏನನ್ನೂ ಬೆರೆಸದ ಸಪ್ಪೆಯನ್ನೂ ಲೆಕ್ಕಕ್ಕೆ ಹಿಡಿದರೆ 64! ಈಗ ಸಾಲಾಗಿ ಬರೆಯಿರಿ: 1, 6, 15, 20, 15, 6, 1. ಪರೀಕ್ಷಾರ್ಥಿ ಉರು ಹೊಡೆಯುವ ಸಹಗುಣಕಗಳು ಇವೇ.

ಕಾರಣ ಸರಳ. ಆರು ಆವರಣಗಳನ್ನು ಗುಣಿಸುವಾಗ ಪ್ರತಿಯೊಂದರಿಂದಲೂ 'ಎ' ಇಲ್ಲವೇ 'ಬಿ'ಯನ್ನು ಆರಿಸಿಕೊಳ್ಳುತ್ತೇವೆ. ಮೂರು ಆವರಣಗಳಿಂದ 'ಬಿ' ತೆಗೆಯುವುದೂ ಆರು ರಸಗಳಲ್ಲಿ ಮೂರನ್ನು ಆರಿಸುವುದೂ ಒಂದೇ ಲೆಕ್ಕ. 6, 5, 4ರ ಗುಣಲಬ್ಧವನ್ನು 1, 2, 3ರ ಗುಣಲಬ್ಧದಿಂದ ಭಾಗಿಸಿದರೆ 20. ಎಷ್ಟೇ ವಸ್ತುಗಳಿದ್ದರೂ ಸಲ್ಲುವ ಈ ನಿಯಮವನ್ನು ಮಹಾವೀರ ಕೊಟ್ಟಿದ್ದಾನೆ.

ಇದೇ ಸಂಖ್ಯೆಗಳಿಗೆ ಛಂದಸ್ಸಿನ ದಾರಿಯೂ ಉಂಟು. ಆರು ಅಕ್ಷರಗಳ ಪಾದದಲ್ಲಿ ಮೂರು ಗುರು ಬರುವ ವಿನ್ಯಾಸಗಳೆಷ್ಟು? ಮತ್ತೆ 20. ಮೊದಲು ರಾಷ್ಟ್ರಕೂಟರ ಆಶ್ರಯದಲ್ಲಿದ್ದು ಅನಂತರ ಮಾಳವದ ಮುಂಜನ ಆಸ್ಥಾನ ಸೇರಿದ ಹಲಾಯುಧ, 10ನೇ ಶತಮಾನದಲ್ಲಿ ಪಿಂಗಳನ ಛಂದಸ್ಸೂತ್ರಕ್ಕೆ ವ್ಯಾಖ್ಯಾನ ಬರೆಯುತ್ತಾ 'ಮೇರುಪ್ರಸ್ತಾರ'ವನ್ನು ವಿವರಿಸಿದ. ಮೇಲೆ ಒಂದು ಮನೆ, ಕೆಳಗೆ ಎರಡು, ಅದರ ಕೆಳಗೆ ಮೂರು. ಅಂಚಿನ ಮನೆಗಳಲ್ಲಿ 1, ಒಳಗಿನದರಲ್ಲಿ ಮೇಲಿನೆರಡರ ಮೊತ್ತ. ಇಂದು ಇದನ್ನು ಪಾಸ್ಕಲ್ ತ್ರಿಕೋನ ಎನ್ನುತ್ತೇವೆ. ಪಾಸ್ಕಲನ ಗ್ರಂಥ ಅಚ್ಚಾದದ್ದು 1665ರಲ್ಲಿ.

ಹಾಗೆಂದು ಎಲ್ಲವೂ ನಮ್ಮಲ್ಲೇ ಇತ್ತೆಂದು ಬೀಗುವುದೂ ಸರಿಯಲ್ಲ. ಮಹಾವೀರ ಎಣಿಸಿದ್ದು ರುಚಿಗಳನ್ನು, ಹಲಾಯುಧ ಎಣಿಸಿದ್ದು ಲಘು-ಗುರುಗಳನ್ನು. ಬೀಜಗಣಿತದ ಘಾತಗಳಿಗೆ ಈ ಸಂಖ್ಯೆಗಳನ್ನು ಹೊಂದಿಸಿದವರಲ್ಲಿ ಕ್ರಿ.ಶ. 1000ರ ಸುಮಾರಿನ ಅಲ್-ಕರಜಿ ಪ್ರಮುಖ. ಭಿನ್ನ ಮತ್ತು ಋಣ ಘಾತಗಳಿಗೂ ಪ್ರಮೇಯವನ್ನು ಹಿಗ್ಗಿಸಿದ್ದು ನ್ಯೂಟನ್. 1676ರ ಪತ್ರಗಳಲ್ಲಿ ಆತ ಅದನ್ನು ವಿವರಿಸಿದ್ದಾನೆ.

ಪಠ್ಯಪುಸ್ತಕದಲ್ಲಿ ಮೇರುಪ್ರಸ್ತಾರದ ಹೆಸರಿದೆ. ಪರೀಕ್ಷೆಗೆ ಬರುವುದಿಲ್ಲವೆಂದು ಹಾರಿಸಿ ಓದುವವರೇ ಹೆಚ್ಚು. ಆದರೆ ಸೂತ್ರ ಮರೆತುಹೋದರೆ ಕೈಹಿಡಿಯುವುದು ಅದೇ. ರಫ್ ಹಾಳೆಯಲ್ಲಿ ಏಳು ಸಾಲು ಗೀಚಿದರೆ ಕೊನೆಯ ಸಾಲಿನ ನಡುವೆ 20 ತಾನಾಗಿ ಬಂದು ಕೂರುತ್ತದೆ. ಗಡಿಯಾರ ಎದುರಿಟ್ಟುಕೊಂಡು ಬರೆದು ನೋಡಿದೆ. ನನಗೆ ಹಿಡಿದದ್ದು 40 ಸೆಕೆಂಡು.