ಕಾಳು ಸಿಕ್ಕವನೇ ದೊರೆ

ಮ್ಯಾಡ್ರಿಡ್‌ನಲ್ಲಿ ಮಕ್ಕಳಿಗೆ ದೊಡ್ಡ ಹಬ್ಬವೆಂದರೆ ಕ್ರಿಸ್‌ಮಸ್ ಅಲ್ಲ, ಜನವರಿ 6. ಶಿಶು ಯೇಸುವನ್ನು ನೋಡಲು ಪೂರ್ವದಿಂದ ಬಂದ ಮೆಲ್ಚೋರ್, ಗಾಸ್ಪಾರ್, ಬಲ್ತಸಾರ್ ಎಂಬ ಮೂವರು ರಾಜರು ಇಲ್ಲಿ ಉಡುಗೊರೆ ತರುವವರು. 5ರ ಸಂಜೆ ಬೀದಿಯಲ್ಲಿ ಅವರ ಮೆರವಣಿಗೆ. ರಾತ್ರಿ ಮಕ್ಕಳು ಬೂಟು ಹೊರಗಿಟ್ಟು, ಒಂಟೆಗಳಿಗೆ ಕುಡಿಯಲು ನೀರನ್ನೂ ಇಟ್ಟು ಮಲಗುತ್ತಾರೆ. ಬೆಳಿಗ್ಗೆ ಎದ್ದರೆ ರೊಸ್ಕೋನ್: ಬಳೆಯಾಕಾರದ ಸಿಹಿ ಬ್ರೆಡ್ಡು, ಮೇಲೆ ಸಕ್ಕರೆ ಪಾಕದಲ್ಲಿ ಬೆಂದ ಕಿತ್ತಳೆ ಬಿಲ್ಲೆ, ಚೆರಿ. ಒಳಗೆ ಎಲ್ಲೋ ಒಂದು ಪುಟ್ಟ ಗೊಂಬೆ, ಇನ್ನೆಲ್ಲೋ ಒಂದು ಒಣಗಿದ ಹಾಬಾ ಕಾಳು. ಹಾಬಾ ಎಂದರೆ ನಮ್ಮ ಅವರೆಕಾಳಿನ ದೊಡ್ಡಣ್ಣ. ಗೊಂಬೆ ಸಿಕ್ಕವರ ತಲೆಗೆ ಕಾಗದದ ಕಿರೀಟ. ಕಾಳು ಸಿಕ್ಕವರು ರೊಸ್ಕೋನಿನ ದುಡ್ಡು ತೆರಬೇಕು.

ನನ್ನ ಪಕ್ಕದ ಮನೆಯ ಅಜ್ಜಿ ಅಂಗಡಿಯಿಂದ ತರುವವರಲ್ಲ. ಹಿಂದಿನ ದಿನವೇ ಹಾಲು, ಈಸ್ಟು, ಸ್ವಲ್ಪ ಮೈದಾ ಕಲಸಿ ಹುದುಗಲು ಬಿಡುತ್ತಾರೆ. ಆಮೇಲೆ ಉಳಿದ ಹಿಟ್ಟು, ಮೊಟ್ಟೆ, ಬೆಣ್ಣೆ, ನಿಂಬೆ ಮತ್ತು ಕಿತ್ತಳೆಯ ಹೆರೆದ ಸಿಪ್ಪೆ. ಕೈಗೆ ಅಂಟುತ್ತದೆ ಎಂದು ನಾನು ಇನ್ನಷ್ಟು ಹಿಟ್ಟು ಸುರಿಯಹೋದರೆ ಕೈ ಹಿಡಿದು ತಡೆಯುತ್ತಾರೆ. ಅಂಟಬೇಕು, ನಾದಬೇಕು, ಅಷ್ಟೇ. ಕೊನೆಗೆ ಹುಳಿ ಕಿತ್ತಳೆಯ ಹೂವಿನಿಂದ ಭಟ್ಟಿ ಇಳಿಸಿದ ನೀರು. ಈ ನೀರಿಲ್ಲದಿದ್ದರೆ ಅದು ರೊಸ್ಕೋನೇ ಅಲ್ಲ. ಹುಳಿ ಕಿತ್ತಳೆಯನ್ನು ಈ ನಾಡಿಗೆ ತಂದವರು ಅರಬರು. ಕ್ರೈಸ್ತರ ಹಬ್ಬದ ಬ್ರೆಡ್ಡು ಘಮಘಮಿಸುವುದು ಮುಸ್ಲಿಂ ಅಂದಲೂಸಿಯಾದ ಋಣದಿಂದ. ಅಜ್ಜಿಯ ತಾಯಿ ಬೆಣ್ಣೆ ಕಂಡವರಲ್ಲ, ಹಂದಿಯ ಕೊಬ್ಬನ್ನೇ ಹಾಕುತ್ತಿದ್ದರಂತೆ. ಅಂತರ್ಯುದ್ಧ ಮುಗಿದ ಮೇಲೆ, 1939ರಿಂದ 1952ರವರೆಗೆ, ಸ್ಪೇನಿನಲ್ಲಿ ರೇಷನ್ ಕಾರ್ಡಿನ ಕಾಲ. ಮಾಮೂಲಿ ಬ್ರೆಡ್ಡಿಗೇ ಅಳತೆಯಿತ್ತು. ನಡುವೆ ಸೀಳಿ ಕ್ರೀಮ್ ತುಂಬುವ ಇಂದಿನ ರೊಸ್ಕೋನನ್ನು ಅಜ್ಜಿ ಕಣ್ಣೆತ್ತಿಯೂ ನೋಡುವುದಿಲ್ಲ. ಆ ವಿಷಯದಲ್ಲಿ ನಾನು ಅವರ ಪಕ್ಷವಲ್ಲ.

ಆದರೆ ನನ್ನನ್ನು ಕಾಡಿದ್ದು ಕಾಳು. ಅದಕ್ಕೇಕೆ ಈ ದಂಡ?

ಇದೆಲ್ಲ ರೋಮನ್ನರ ಸಾಟರ್ನೇಲಿಯಾ ಹಬ್ಬದಿಂದ ಬಂತು ಎಂದು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಹಬ್ಬದಲ್ಲಿ ಚೀಟಿ ಎತ್ತಿ ಆಟದ ರಾಜನನ್ನು ಆರಿಸುತ್ತಿದ್ದದ್ದು ನಿಜ. ಹಾಗೆ ಆಟದ ರಾಜನಾದ ಚಕ್ರವರ್ತಿ ನೀರೋ, ಮಲತಮ್ಮ ಬ್ರಿಟಾನಿಕಸ್‌ನನ್ನು ಎಲ್ಲರೆದುರು ನಿಲ್ಲಿಸಿ ಹಾಡಿಸಿದನೆಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಆದರೆ ಅವನ ಬರಹದಲ್ಲಿ ಬ್ರೆಡ್ಡೂ ಇಲ್ಲ, ಕಾಳೂ ಇಲ್ಲ. ಸಾವಿರ ವರ್ಷದ ಕಂದಕವನ್ನು ಒಂದೇ ನೆಗೆತಕ್ಕೆ ದಾಟುವ ಇಂಥ ವಂಶಾವಳಿ ನನಗೆ ರುಚಿಸುವುದಿಲ್ಲ.

ಗಟ್ಟಿ ನೆಲ ಸಿಗುವುದು ಉತ್ತರದ ನವಾರಾ ರಾಜ್ಯದಲ್ಲಿ, 14ನೇ ಶತಮಾನಕ್ಕೆ. ಅಲ್ಲಿನ ಅರಮನೆಯಲ್ಲಿ ಜನವರಿ 6ರ ಹಬ್ಬಕ್ಕೆ ಬಡವರ ಮನೆಯ ಹುಡುಗನೊಬ್ಬ ಕಾಳಿನ ರಾಜನಾಗುತ್ತಿದ್ದ. ಅವನಿಗೆ ದೊರೆಯ ಖರ್ಚಿನಲ್ಲಿ ಹೊಸ ಬಟ್ಟೆ, ಮನೆಯವರಿಗೆ ಗೋಧಿ. ಅಂದರೆ ಕಾಳು ಸಿಕ್ಕವನದೇ ಅದೃಷ್ಟ! ಇದರಲ್ಲಿ ಫ್ರಾನ್ಸಿನ ನೆರಳಿರಬಹುದು: ನವಾರಾವನ್ನು ಆಗ ಆಳುತ್ತಿದ್ದದ್ದು ಫ್ರೆಂಚ್ ಮೂಲದ ಮನೆತನ. 1700ರಲ್ಲಿ ಸ್ಪೇನಿನ ಸಿಂಹಾಸನ ಪಡೆದ ಐದನೇ ಫೆಲಿಪೆಯೂ ಫ್ರಾನ್ಸಿನವನೇ. ಬ್ರೆಡ್ಡಿನೊಳಗೆ ನಾಣ್ಯ ಅಡಗಿಸುವ ಚಾಳಿ ಅವನ ಕಡೆಯವರಿಂದ ಬಂತೆಂಬ ಕಥೆಯಿದೆ. ಕಥೆ ನಿಜವೋ ಅಲ್ಲವೋ, ನಾಣ್ಯವೋ ಗೊಂಬೆಯೋ ಬಂದು ಕೂತ ಮೇಲೆ ಕಾಳು ತನ್ನ ಪಟ್ಟ ಬಿಡಲೇಬೇಕಾಯಿತು ಎಂಬುದು ನನ್ನ ಎಣಿಕೆ. ಒಂದೇ ಬ್ರೆಡ್ಡಿನಲ್ಲಿ ಇಬ್ಬರು ರಾಜರಿಗೆ ಜಾಗವೆಲ್ಲಿ?

ಇಷ್ಟಾದರೂ ಕಾಳಿನ ಪಕ್ಷದವರು ಪೂರ್ತಿ ಅಳಿದಿಲ್ಲ. 1920ರಲ್ಲಿ ನವಾರಾದ ರಾಜಧಾನಿ ಪಂಪ್ಲೋನಾದ ಇಗ್ನಾಸಿಯೊ ಬಲೆಸ್ತೇನಾ ಹಳೆಯ ಪದ್ಧತಿಗೆ ಮತ್ತೆ ಜೀವ ಕೊಟ್ಟ. ಇಂದಿಗೂ ನವಾರಾದಲ್ಲಿ ಕಾಳು ಸಿಕ್ಕ ಮಗುವನ್ನು ಹಿಂದಿನ ದೊರೆಗಳಂತೆ ಗುರಾಣಿಯ ಮೇಲೆ ನಿಲ್ಲಿಸಿ ಎತ್ತಿ ಹಿಡಿಯುತ್ತಾರೆ. ಇದನ್ನು ಅಜ್ಜಿಗೆ ಹೇಳಿದೆ. ನವಾರಾದವರ ಮಾತು ಬಿಡು, ನಿನಗೆ ಕಾಳು ಬಂದರೆ ಬೆಣ್ಣೆಯ ದುಡ್ಡು ನಿನ್ನದೇ ಎಂದರು.